ಗುರುವಿನ ಆಕ್ಷೇಪಕ್ಕೆ ಶಿಷ್ಯನ ಉತ್ತರ

ಗಡಿನಾಡಿನಲ್ಲಿ ಬಾಳುವ ನಮಗೆ ಒಂದು ಅನುಭವ ಹೊಸದಲ್ಲ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು. ನಮ್ಮ ಮನೆದೇವರ ಪೂಜೆ ಒಂದು ಬಗೆ, ನೆರೆಯವರ ಹಬ್ಬ ಇನ್ನೊಂದು ಬಗೆ. ಹೀಗಿರುವಾಗ ಯಾರಾದರೊಬ್ಬರು ನಮ್ಮತ್ತ ತಿರುಗಿ, "ನೀವು ಹೀಗೇಕೆ ನಂಬುತ್ತೀರಿ? ಇದರಲ್ಲಿ ನೀತಿ ಎಲ್ಲಿದೆ?" ಎಂದು ಕೇಳಿಬಿಟ್ಟರೆ ತಟ್ಟನೆ ಉತ್ತರ ಬಾಯಿಗೆ ಬರುವುದಿಲ್ಲ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ಸಂಕೋಚಪಟ್ಟು ತಲೆ ತಗ್ಗಿಸುತ್ತಾರೆ. ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ. ಕೇಳಿದ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡು, ಓದಿ, ವಿಚಾರಮಾಡಿ, ಕೇಳಿದವರಿಗೆ ತಿಳಿಯುವ ಮಾತಿನಲ್ಲೇ ಉತ್ತರ ಹೇಳುವ ದಾರಿ ಅದು. 1908ರಲ್ಲಿ ಮದರಾಸಿನ ಒಬ್ಬ ಎಂ.ಎ. ವಿದ್ಯಾರ್ಥಿ ಆ ದಾರಿ ಹಿಡಿದ. ಆತ ಬರೆದ ಪ್ರಬಂಧದ ಕಥೆಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಆ ವಿದ್ಯಾರ್ಥಿ ಸರ್ವೇಪಲ್ಲಿ ರಾಧಾಕೃಷ್ಣನ್. ಮುಂದೆ ಭಾರತದ ರಾಷ್ಟ್ರಪತಿಯಾದವರು. ಅವರ ಜನ್ಮದಿನವಾದ ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನವೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಆಚರಿಸುತ್ತಾರೆ. ಆದರೆ ಈ ಕಥೆಯ ಕಾಲಕ್ಕೆ ಅವರು ಕಾಸಿಗೆ ಕಾಸು ಎಣಿಸಿ ಓದುತ್ತಿದ್ದ, ಇಪ್ಪತ್ತರ ಆಸುಪಾಸಿನ ಹುಡುಗ.

ಅವರು ಹುಟ್ಟಿದ್ದು 1888ರಲ್ಲಿ, ತಿರುತ್ತಣಿಯಲ್ಲಿ. ಆ ಊರು ಕೂಡ ನಮ್ಮ ಊರುಗಳಂತೆ ಗಡಿಯ ಊರೇ. ಮನೆಯಲ್ಲಿ ತೆಲುಗು, ಸುತ್ತಮುತ್ತ ತಮಿಳು. ಸ್ವಾತಂತ್ರ್ಯಾನಂತರ ಭಾಷೆಯ ಆಧಾರದ ಮೇಲೆ ರಾಜ್ಯಗಳು ರೂಪುಗೊಂಡಾಗ ತಿರುತ್ತಣಿ ಮೊದಲು ಆಂಧ್ರಕ್ಕೆ ಸೇರಿತು. ದೀರ್ಘ ಜಗ್ಗಾಟದ ಬಳಿಕ 1960ರ ಏಪ್ರಿಲ್ 1ರಂದು ಮದರಾಸು ರಾಜ್ಯಕ್ಕೆ, ಅಂದರೆ ಇಂದಿನ ತಮಿಳುನಾಡಿಗೆ ಬಂತು. ಊರು ಇದ್ದಲ್ಲೇ ಇದ್ದು ಗಡಿಗೆರೆ ಮಾತ್ರ ಸರಿದಾಡುವ ಬಗೆ ಎಂಥದೆಂದು ತಮಗೆ ಹೇಳಬೇಕಾಗಿಲ್ಲ.

ತಂದೆ ವೀರಾಸ್ವಾಮಿಯವರು ಸ್ಥಳೀಯ ಜಮೀನ್ದಾರರ ಬಳಿ ಕಂದಾಯದ ಕೆಲಸದಲ್ಲಿದ್ದ ಚಿಕ್ಕ ನೌಕರರು. ಮಗನ ಓದು ಸಾಗಿದ್ದು ಬಹುಮಟ್ಟಿಗೆ ವಿದ್ಯಾರ್ಥಿವೇತನದ ಬಲದಿಂದ. ತಿರುಪತಿಯಲ್ಲಿ ಜರ್ಮನಿಯ ಲೂಥರನ್ ಮಿಷನ್ನಿನ ಶಾಲೆ, ಆಮೇಲೆ ವೆಲ್ಲೂರಿನ ವೂರ್ಹೀಸ್ ಕಾಲೇಜು, ಅಲ್ಲಿಂದ ಮದರಾಸು ಕ್ರಿಶ್ಚಿಯನ್ ಕಾಲೇಜು. ಮೂರೂ ಮಿಷನರಿಗಳು ನಡೆಸುತ್ತಿದ್ದ ಸಂಸ್ಥೆಗಳು. ಮನೆಯಲ್ಲಿ ಸಂಧ್ಯಾವಂದನೆ, ಶಾಲೆಯಲ್ಲಿ ಬೈಬಲ್ ಪಾಠ. ಎರಡು ಲೋಕಗಳ ನಡುವೆ ಹುಡುಗ ಬೆಳೆದ.

ತತ್ವಶಾಸ್ತ್ರವನ್ನು ಆತ ಆರಿಸಿಕೊಂಡದ್ದು ಜ್ಞಾನದ ಹಂಬಲದಿಂದ ಎಂದುಕೊಂಡರೆ ಅದು ಪೂರ್ತಿ ಸರಿಯಲ್ಲ. ಅದೇ ವರ್ಷ ಪದವಿ ಮುಗಿಸಿದ್ದ ನೆಂಟರ ಹುಡುಗನೊಬ್ಬ ತನ್ನ ಪಠ್ಯಪುಸ್ತಕಗಳನ್ನು ಕೊಟ್ಟ. ಅವು ತತ್ವಶಾಸ್ತ್ರದ ಪುಸ್ತಕಗಳಾಗಿದ್ದವು. ಹೊಸ ಪುಸ್ತಕ ಕೊಳ್ಳುವ ಖರ್ಚು ಉಳಿಯಿತು, ವಿಷಯವೂ ಗೊತ್ತಾಯಿತು. ವೆಲ್ಟನ್ ಬರೆದ ತರ್ಕಶಾಸ್ತ್ರ, ಸ್ಟೌಟ್ ಬರೆದ ಮನಃಶಾಸ್ತ್ರ, ಮೆಕೆಂಜಿ ಬರೆದ ನೀತಿಶಾಸ್ತ್ರ ಇವೇ ಆ ಪುಸ್ತಕಗಳು. ಸರಿಯಾಗಿ ವಿಚಾರಮಾಡುವುದು ಹೇಗೆ, ಮನಸ್ಸು ಎಂದರೇನು, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂಬ ಮೂರು ಪ್ರಶ್ನೆಗಳು ಹಳೆಯ ಪುಸ್ತಕಗಳ ಜೊತೆಗೆ ಪುಕ್ಕಟೆಯಾಗಿ ಕೈಸೇರಿದವು.

ನಾಲ್ಕನೆಯ ಪ್ರಶ್ನೆ ಬಂದದ್ದು ತರಗತಿಯಲ್ಲಿ. ಅದು ಧರ್ಮದ ಪ್ರಶ್ನೆ.

ಆ ಕಾಲದಲ್ಲಿ ಹಿಂದೂ ಧರ್ಮವನ್ನು, ವಿಶೇಷವಾಗಿ ವೇದಾಂತವನ್ನು ಕುರಿತು ಕ್ರೈಸ್ತ ವಿದ್ವಾಂಸರು ಎತ್ತುತ್ತಿದ್ದ ಆಕ್ಷೇಪಗಳು ಮುಖ್ಯವಾಗಿ ನಾಲ್ಕು. ಜಗತ್ತೆಲ್ಲ ಮಾಯೆ ಎನ್ನುತ್ತೀರಿ. ಹಾಗಿದ್ದರೆ ಹಸಿದವನ ಹಸಿವೂ ಮಾಯೆ, ಅವನಿಗೆ ಅನ್ನ ಹಾಕುವುದೂ ಮಾಯೆ. ಒಳ್ಳೆಯತನಕ್ಕೆ ಬೆಲೆ ಎಲ್ಲಿ ಬಂತು? ಇದು ಮೊದಲನೆಯದು. ಎಲ್ಲವೂ ಬ್ರಹ್ಮವೇ ಆದರೆ ಕಳ್ಳನೂ ಬ್ರಹ್ಮ, ಸಜ್ಜನನೂ ಬ್ರಹ್ಮ. ಭೇದವೇ ಇಲ್ಲದ ಮೇಲೆ ಪಾಪ ಪುಣ್ಯದ ಮಾತೇಕೆ? ಇದು ಎರಡನೆಯದು. ಹಿಂದಿನ ಜನ್ಮದ ಕರ್ಮವನ್ನು ಪ್ರತಿಯೊಬ್ಬನೂ ಉಣ್ಣಲೇಬೇಕಾದರೆ ನೊಂದವನ ಮೇಲೆ ಕರುಣೆ ತೋರಿ ಫಲವೇನು? ಇದು ಮೂರನೆಯದು. ಜ್ಞಾನಿಯಾದವನು ಒಳಿತು ಕೆಡುಕುಗಳನ್ನು ಮೀರುತ್ತಾನಂತೆ. ಹಾಗಾದರೆ ಅವನು ಹೇಗೆ ನಡೆದರೂ ಸರಿಯೇ? ಇದು ನಾಲ್ಕನೆಯದು.

ಇವು ಹಗುರವಾದ ಪ್ರಶ್ನೆಗಳಲ್ಲ. ಬೀದಿಯಲ್ಲಿ ನಿಂತು ಹೀಯಾಳಿಸುವವರು ಬೇರೆ, ಶಾಸ್ತ್ರ ಓದಿ ಕೇಳುವವರು ಬೇರೆ. ಕ್ರಿಶ್ಚಿಯನ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಹಾಗ್ ಎರಡನೆಯ ಬಗೆಯವರು. ಸ್ಕಾಟ್ಲೆಂಡಿನಿಂದ 1903ರಲ್ಲಿ ಮದರಾಸಿಗೆ ಬಂದ ಮಿಷನರಿ. ಕರ್ಮಸಿದ್ಧಾಂತವನ್ನೂ ಕ್ರೈಸ್ತರ ವಿಮೋಚನೆಯ ನಂಬಿಕೆಯನ್ನೂ ಎದುರುಬದುರು ಇಟ್ಟು ತೂಗಿನೋಡುವ ಲೇಖನಗಳನ್ನು ಅವರು ಕಾಲೇಜಿನ ಪತ್ರಿಕೆಯಲ್ಲಿ ಬರೆದರು. 1909ರಲ್ಲಿ ಅವು ಪುಸ್ತಕವಾದವು. ಎದುರಿನವರ ನಂಬಿಕೆಯನ್ನು ಅದರ ಬಲವಾದ ರೂಪದಲ್ಲಿಯೇ ಎದುರಿಸಬೇಕು ಎಂಬುದು ಅವರ ರೀತಿ.

ಈ ಮಾತುಗಳು ರಾಧಾಕೃಷ್ಣನ್ ಅವರ ಮನಸ್ಸನ್ನು ನೋಯಿಸಿದವು. ವಿವೇಕಾನಂದರ ಮಾತುಗಳಿಂದ ಆ ಪೀಳಿಗೆಯ ವಿದ್ಯಾರ್ಥಿಗಳಲ್ಲಿ ಆಗಲೇ ಒಂದು ಸ್ವಾಭಿಮಾನ ಮೂಡಿತ್ತು. ವಿವೇಕಾನಂದರ ಪತ್ರಗಳ ಕೈಬರಹದ ಪ್ರತಿಗಳು ವಿದ್ಯಾರ್ಥಿಗಳ ನಡುವೆ ಕೈಯಿಂದ ಕೈಗೆ ಹೋಗುತ್ತಿದ್ದವಂತೆ. ಆದರೆ ಸ್ವಾಭಿಮಾನವೊಂದೇ ಉತ್ತರವಾಗದು. ಆಕ್ಷೇಪ ನಿಜವೋ ಸುಳ್ಳೋ ಎಂದು ತಾನೇ ಪರೀಕ್ಷಿಸಬೇಕು, ತನ್ನ ಧರ್ಮದಲ್ಲಿ ಜೀವಂತವಾಗಿರುವುದು ಯಾವುದು, ಸತ್ತುಹೋಗಿರುವುದು ಯಾವುದು ಎಂದು ಬೇರ್ಪಡಿಸಿ ನೋಡಬೇಕು ಎಂದು ಆ ಟೀಕೆಗಳಿಂದಲೇ ತಮಗೆ ಅನಿಸಿತೆಂದು ಅವರು ಮುಂದೆ ತಮ್ಮ ಆತ್ಮಕಥನದ ಬರಹದಲ್ಲಿ ಹೇಳಿಕೊಂಡಿದ್ದಾರೆ.

ಎಂ.ಎ. ಪದವಿಗಾಗಿ ಅವರು ಪ್ರಬಂಧವನ್ನು ಬರೆಯಬೇಕಿತ್ತು. ‘ವೇದಾಂತದ ನೀತಿಶಾಸ್ತ್ರ ಮತ್ತು ಅದರ ತಾತ್ವಿಕ ಆಧಾರಗಳು’ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟು ಬರೆದರು. ವೇದಾಂತದಲ್ಲಿ ನೀತಿಗೆ ಜಾಗವಿಲ್ಲ ಎಂಬ ಆಕ್ಷೇಪಕ್ಕೆ ಅದು ನೇರವಾದ ಉತ್ತರ. 1908ರಲ್ಲಿ ಅದು ಮದರಾಸಿನಲ್ಲಿ ಪುಸ್ತಕವಾಗಿಯೂ ಅಚ್ಚಾಯಿತು.

ಆ ಪ್ರಬಂಧದಿಂದ ಮೊದಲುಗೊಂಡು ಮುಂದಿನ ಗ್ರಂಥಗಳವರೆಗೆ ಅವರು ಬೆಳೆಸುತ್ತ ಬಂದ ವಾದದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಮಾಯೆ ಎಂದರೆ ಜಗತ್ತು ಇಲ್ಲವೇ ಇಲ್ಲ ಎಂದು ಅರ್ಥವಲ್ಲ. ಜಗತ್ತು ತನ್ನಷ್ಟಕ್ಕೆ ತಾನೇ ನಿಲ್ಲಲಾರದು, ಬ್ರಹ್ಮದ ಆಧಾರದಿಂದ ನಿಂತಿದೆ ಎಂದು ಅರ್ಥ. ಜಗತ್ತಿನಲ್ಲಿ ನಾವು ಇರುವವರೆಗೆ ಅದರ ನೋವೂ ನಿಜ, ನಮ್ಮ ಹೊಣೆಯೂ ನಿಜ. ಎಲ್ಲರಲ್ಲೂ ಇರುವ ಆತ್ಮ ಒಂದೇ ಎಂಬ ಮಾತಿನಿಂದ ನೀತಿ ಅಳಿಯುವುದಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುವುದಕ್ಕೆ ಅದೇ ಕಾರಣ ಒದಗಿಸುತ್ತದೆ. ಏಕೆ ಪ್ರೀತಿಸಬೇಕೆಂದರೆ, ನೆರೆಯವನು ಬೇರೆಯವನಲ್ಲ, ನೀನೇ. ಜರ್ಮನಿಯ ವಿದ್ವಾಂಸ ಪಾಲ್ ಡಾಯ್ಸನ್ ಇದೇ ಮಾತನ್ನು 1893ರಲ್ಲಿ ಮುಂಬಯಿಯ ತಮ್ಮ ಉಪನ್ಯಾಸದಲ್ಲಿ ಹೇಳಿದ್ದರು.

ಕರ್ಮದ ವಿಷಯಕ್ಕೆ ರಾಧಾಕೃಷ್ಣನ್ ಮುಂದೆ ಕೊಟ್ಟ ಹೋಲಿಕೆ ಪ್ರಸಿದ್ಧವಾದದ್ದು. ಇಸ್ಪೀಟಿನ ಆಟದಲ್ಲಿ ಕೈಗೆ ಬಂದ ಎಲೆಗಳನ್ನು ನಾವು ಆರಿಸಿಕೊಂಡಿಲ್ಲ. ಆದರೆ ಅವುಗಳನ್ನು ಹೇಗೆ ಆಡಬೇಕೆಂಬುದು ನಮ್ಮ ಕೈಯಲ್ಲೇ ಇದೆ. ಹಿಂದಿನದು ಹಾಕಿಕೊಟ್ಟ ಎಲೆಗಳು ಬೇರೆ, ಇಂದಿನ ಆಟ ಬೇರೆ. ಇನ್ನು ಜ್ಞಾನಿಯ ಮಾತು. ಶಂಕರರ ವೇದಾಂತದಲ್ಲಿ ಜ್ಞಾನಕ್ಕೆ ಕಾಲಿಡುವ ಮೊದಲೇ ವಿವೇಕ, ವೈರಾಗ್ಯ, ಶಮದಮಾದಿ ಗುಣಗಳು, ಮುಕ್ತಿಯ ಹಂಬಲ ಎಂಬ ನಾಲ್ಕು ಸಾಧನಗಳಿರಬೇಕು. ಮನಸ್ಸನ್ನು ಹತೋಟಿಗೆ ತರದವನಿಗೆ ಆ ಬಾಗಿಲೇ ತೆರೆಯದು. ಸ್ವಾರ್ಥವನ್ನು ತೊಳೆದುಕೊಂಡೇ ಅಲ್ಲಿಗೆ ಬಂದವನು ಕೆಡುಕು ಮಾಡುವನೇ? ಈಜು ಬಂದವನು ಕೈಕಾಲು ಹೇಗೆ ಆಡಿಸಬೇಕೆಂದು ಎಣಿಸುತ್ತ ಕೂರುವುದಿಲ್ಲ. ಹಾಗೆಂದು ಅವನು ಮುಳುಗುವುದೂ ಇಲ್ಲ.

ಬರೆದದ್ದೇನೋ ಆಯಿತು. ಆದರೆ ಅದನ್ನು ಓದಿ ಬೆಲೆ ಕಟ್ಟುವವರು ಯಾರು? ಯಾರ ಮಾತಿಗೆ ಉತ್ತರ ಬರೆದಿದ್ದರೋ ಆ ಗುರುಗಳೇ. ಹಾಗ್ ಅವರು ಅಸಮಾಧಾನಪಟ್ಟಾರೆಂದು ವಿದ್ಯಾರ್ಥಿಗೆ ಅಳುಕಿತ್ತು. ಬಡ ಮನೆಯ ಹುಡುಗ. ಮುಂದಿನ ಬದುಕು ಆ ಪದವಿಯ ಮೇಲೆ, ಗುರುಗಳು ಬರೆದುಕೊಡುವ ಒಂದು ಯೋಗ್ಯತಾಪತ್ರದ ಮೇಲೆ ನಿಂತಿತ್ತು.

ಹಾಗ್ ಕೋಪಗೊಳ್ಳಲಿಲ್ಲ. ಈ ವಿದ್ಯಾರ್ಥಿ ತಾತ್ವಿಕ ಸಮಸ್ಯೆಯ ಮುಖ್ಯ ಮಗ್ಗುಲುಗಳನ್ನು ಚೆನ್ನಾಗಿ ಅರಿತಿದ್ದಾನೆ, ತೊಡಕಾದ ವಾದವನ್ನು ಸಲೀಸಾಗಿ ನಿರ್ವಹಿಸುತ್ತಾನೆ, ಇಂಗ್ಲಿಷಿನ ಮೇಲೆ ಒಳ್ಳೆಯ ಹಿಡಿತವಿದೆ ಎಂಬ ಅರ್ಥದ ಯೋಗ್ಯತಾಪತ್ರವನ್ನು ಬರೆದುಕೊಟ್ಟರು. ಪ್ರಬಂಧದ ನಿಲುವನ್ನು ಅವರು ಒಪ್ಪಿಕೊಂಡರೆಂದು ಇದರ ಅರ್ಥವಲ್ಲ. ಅವರು ಕೊನೆಯವರೆಗೂ ಶ್ರದ್ಧೆಯುಳ್ಳ ಕ್ರೈಸ್ತರಾಗಿಯೇ ಉಳಿದರು. ತಮ್ಮ ವಿರುದ್ಧ ನಿಂತ ವಾದವನ್ನೂ ವಾದವಾಗಿ ನೋಡಿ ಬೆಲೆಕಟ್ಟಿದರು, ಅಷ್ಟೆ. ಆ ಅಷ್ಟೇ ಎಂಬುದು ಎಷ್ಟು ದೊಡ್ಡದೆಂದು ಪರೀಕ್ಷೆ ಬರೆದವರಿಗೆಲ್ಲ ಗೊತ್ತು. ಮುಂದೆ 1938ರಲ್ಲಿ ಮದರಾಸಿನ ತಾಂಬರಂನಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಕ್ರೈಸ್ತೇತರರ ಶ್ರದ್ಧೆಯಲ್ಲಿಯೂ ದೇವರೊಡನೆ ನಿಜವಾದ ಸಂಬಂಧವಿರಬಲ್ಲದು ಎಂಬ ಪಕ್ಷ ಹಿಡಿದವರಲ್ಲಿ ಇದೇ ಹಾಗ್ ಪ್ರಮುಖರು.

1909ರಲ್ಲಿ ರಾಧಾಕೃಷ್ಣನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಓದು ಕೈಬಿಡಲಿಲ್ಲ. 1911ರಲ್ಲಿ ಭಗವದ್ಗೀತೆಯ ನೀತಿಯನ್ನು ಜರ್ಮನಿಯ ಕಾಂಟ್ ಎಂಬ ದಾರ್ಶನಿಕನ ನೀತಿಯೊಡನೆ ಹೋಲಿಸಿ, 1914ರಲ್ಲಿ ವೇದಾಂತದ ನೀತಿಯನ್ನೇ ಕುರಿತು, ನೀತಿಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಲೇಖನ ಬರೆದರು. ನಡುವೆ 1912ರಲ್ಲಿ ಮನಃಶಾಸ್ತ್ರವನ್ನು ಕುರಿತ ಅವರ ಕಿರುಪುಸ್ತಕ ಬಂತು. ನೆಂಟರ ಹುಡುಗ ಕೊಟ್ಟ ಹಳೆಯ ಪುಸ್ತಕಗಳು ಸುಮ್ಮನೆ ಹೋಗಲಿಲ್ಲ.

1918ರಲ್ಲಿ ಅವರು ಮೈಸೂರಿಗೆ, ಮಹಾರಾಜಾ ಕಾಲೇಜಿಗೆ ಬಂದರು. ಅಲ್ಲಿ ಸಂಸ್ಕೃತ ಕಲಿಸುತ್ತಿದ್ದವರು ಎಂ. ಹಿರಿಯಣ್ಣನವರು. ಹಿರಿಯಣ್ಣನವರ ಭಾರತೀಯ ದರ್ಶನದ ಗ್ರಂಥ 1932ರಲ್ಲಿ ಪ್ರಕಟವಾಯಿತು. ಒಂದೊಂದು ದರ್ಶನದ ತತ್ವ ಹೇಳಿದ ಮೇಲೆ ಅದು ಕಲಿಸುವ ನಡತೆ ಯಾವುದು, ಸಾಧನೆ ಯಾವುದು ಎಂದು ಅವರು ಬಿಡದೆ ಹೇಳುತ್ತಾರೆ. ಮದರಾಸಿನ ತರಗತಿಯಲ್ಲಿ ಕೇಳಿದ ಆ ಪ್ರಶ್ನೆ ಒಬ್ಬರದಾಗಿ ಉಳಿದಿರಲಿಲ್ಲ. ಮೂರು ವರ್ಷದ ಬಳಿಕ, 1921ರಲ್ಲಿ, ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಮೈಸೂರಿನ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿಗೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದರು. ಆ ಕಥೆ ತಾವು ಕೇಳಿರಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಬೆನ್ನು ನಾವೇ ತಟ್ಟಿಕೊಂಡಂತೆ ಆದೀತು. ರಾಧಾಕೃಷ್ಣನ್ ಸ್ವತಃ ಹಾಗೆ ಮಾಡಿಕೊಳ್ಳಲಿಲ್ಲ. ಆ ಎಳೆವಯಸ್ಸಿನ, ಮಾತಿನ ಆಡಂಬರ ಹೆಚ್ಚಾದ ಪ್ರಬಂಧವನ್ನು ನೆನೆದರೆ ನಾಚಿಕೆಯಾಗುತ್ತದೆ ಎಂದೇ ಅವರು ಮುಂದೆ ಬರೆದರು. ಬರಹದ ದೋಷ ಹಾಗಿರಲಿ. ಅದಕ್ಕಿಂತ ಕಠಿಣವಾದ ಪ್ರಶ್ನೆ ಹೊರಗಿನವರಿಂದಲ್ಲ, ಒಳಗಿನಿಂದಲೇ ಎದ್ದಿತು. ಎಲ್ಲರ ಆತ್ಮವೂ ಒಂದೇ ಎಂದು ಶಾಸ್ತ್ರ ಹೇಳುತ್ತದೆ. ಹಾಗಿದ್ದರೆ ಅದೇ ಊರಿನ ಮನುಷ್ಯನೊಬ್ಬ ಬಾವಿಯ ಕಟ್ಟೆ ಹತ್ತಬಾರದೆಂದು ಏಕಾಯಿತು? ಗುಡಿಯ ಹೊಸ್ತಿಲು ದಾಟಬಾರದೆಂದು ಏಕಾಯಿತು?

ರಾಧಾಕೃಷ್ಣನ್ ಹುಟ್ಟಿದ 1888ರಲ್ಲೇ ಕೇರಳದ ಅರುವಿಪ್ಪುರಂನಲ್ಲಿ ನಾರಾಯಣ ಗುರುಗಳು ಶಿವನನ್ನು ಪ್ರತಿಷ್ಠೆ ಮಾಡಿ ಇದಕ್ಕೆ ಉತ್ತರ ಕೊಟ್ಟರು. ಅವರೂ ಅದ್ವೈತಿಯೇ. ಗುಡಿಯ ಹೊರಗೆ ನಿಲ್ಲಿಸಲ್ಪಟ್ಟ ಜನರ ನಡುವೆ ಹುಟ್ಟಿದವರು ತಮ್ಮ ಕೈಯಾರೆ ದೇವರನ್ನು ನಿಲ್ಲಿಸಿದರು. ಪ್ರಬಂಧದಲ್ಲಿ ಹೇಳುವ ಮಾತನ್ನು ಕಲ್ಲಿನಲ್ಲಿ ಹೇಳಿದಂತಾಯಿತು. ಇನ್ನು ಅಂಬೇಡ್ಕರರು 1936ರಲ್ಲಿ ಅಚ್ಚಾದ ಜಾತಿವಿನಾಶದ ಭಾಷಣದಲ್ಲಿ ರಾಧಾಕೃಷ್ಣನ್ ಅವರ ಹೆಸರು ಹಿಡಿದೇ ಕೇಳಿದರು. ಹಿಂದೂ ಸಮಾಜ ಸಾವಿರಾರು ವರ್ಷ ಬದುಕಿ ಉಳಿದಿದೆ ಎಂಬುದು ಹೆಮ್ಮೆಯ ಮಾತಾಗಲಾರದು. ಯಾವ ಮಟ್ಟದಲ್ಲಿ ಬದುಕಿದೆ ಎಂಬುದನ್ನು ನೋಡಬೇಕು ಎಂಬುದು ಅವರ ವಾದ. ಅಸ್ಪೃಶ್ಯತೆಯನ್ನು ರಾಧಾಕೃಷ್ಣನ್ ಖಂಡಿಸಿದ್ದುಂಟು, ನಿಜ. ಆದರೂ ತತ್ವದಲ್ಲಿ ನೀತಿಗೆ ಜಾಗವಿದೆ ಎಂದು ತೋರಿಸುವುದು ಒಂದು, ಊರಿನಲ್ಲಿ ಅದಕ್ಕೆ ಜಾಗ ಮಾಡಿಕೊಡುವುದು ಇನ್ನೊಂದು. ಮೊದಲನೆಯದನ್ನು ವಿದ್ಯಾರ್ಥಿಯೊಬ್ಬ ಒಂದು ಪ್ರಬಂಧದಲ್ಲಿ ಮಾಡಬಲ್ಲ. ಎರಡನೆಯದು ನಮ್ಮ ನಿಮ್ಮೆಲ್ಲರ ಪಾಲಿನ ಕೆಲಸ.

ಕೇಳುಗ ಬಂಧುಗಳೇ, ನಮ್ಮ ಮಕ್ಕಳು ಇಂದು ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ತೆಲುಗನ್ನೋ ಕಲಿಯುತ್ತ, ಬೇರೆ ಬೇರೆ ನಂಬಿಕೆಯ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. "ಅಜ್ಜಾ, ನಾವು ಇದನ್ನೇಕೆ ಮಾಡುತ್ತೇವೆ?" ಎಂದು ಒಂದು ದಿನ ಕೇಳುತ್ತಾರೆ. ಹಿರಿಯರು ಮಾಡಿಕೊಂಡು ಬಂದದ್ದು, ಸುಮ್ಮನಿರು ಎಂದು ಗದರಿದರೆ ಆ ಮಗು ಸುಮ್ಮನಾದೀತು, ಪ್ರಶ್ನೆ ಸುಮ್ಮನಾಗದು. ಗೊತ್ತಿದ್ದಷ್ಟು ಹೇಳೋಣ. ಗೊತ್ತಿಲ್ಲದ್ದನ್ನು ಮಗುವಿನ ಜೊತೆ ಕೂತು ಓದೋಣ. ಓದಿದ ಮೇಲೆ ನಮ್ಮ ಆಚಾರಗಳಲ್ಲಿ ಯಾವುದಾದರೊಂದು ನೀತಿಗೆ ಹೊಂದುವುದಿಲ್ಲವೆಂದು ಕಂಡರೆ ಅದನ್ನು ಬಿಡುವ ಧೈರ್ಯವೂ ಇರಲಿ. ಹಾಗೆಯೇ ನಮಗೆ ಒಪ್ಪಿಗೆಯಾಗದ ಉತ್ತರವನ್ನು ಒಬ್ಬ ಹುಡುಗನೋ ಹುಡುಗಿಯೋ ಚೆನ್ನಾಗಿ ವಿಚಾರಮಾಡಿ ಹೇಳಿದರೆ, ಭೇಷ್ ಎನ್ನುವ ದೊಡ್ಡ ಮನಸ್ಸು ಹಾಗ್ ಅವರಂತೆ ನಮಗೂ ಬರಲಿ.