ಊರ ಕಾಪಿನ ದೈವಗಳು: ಕೋಲಾರದ ಸೀಮೆಯ ಉತ್ಸವಗಳ ಚರಿತ್ರೆ

ಮೆಡಿಟರೇನಿಯನ್ ಸಮುದ್ರದ ನಡುವೆ ಸಿಸಿಲಿ ಎಂಬ ದ್ವೀಪವುಂಟು. ಅದರ ಪೂರ್ವ ತೀರದಲ್ಲಿ ಎಟ್ನಾ ಎಂಬ ಅಗ್ನಿಪರ್ವತ. ಪರ್ವತದ ಬುಡದಲ್ಲಿ ಕಟಾನಿಯಾ ಎಂಬ ಪಟ್ಟಣ. ಪ್ರತಿ ವರ್ಷವೂ ಫೆಬ್ರವರಿ 3ರಿಂದ 5ರ ವರೆಗೆ ಅಲ್ಲಿಯ ಜನ ಬಿಳಿಯ ನಿಲುವಂಗಿಯನ್ನು ತೊಟ್ಟು, ಕರಿಯ ಟೋಪಿಯನ್ನು ಧರಿಸಿ, ಸಂತ ಅಗಾಥಾ ಎಂಬ ಕನ್ಯೆಯ ಬೆಳ್ಳಿಯ ಮಂಟಪವನ್ನು ಉದ್ದವಾದ ಹಗ್ಗಗಳಿಂದ ಬೀದಿಬೀದಿಯಲ್ಲಿ ಎಳೆಯುತ್ತಾರೆ. ಆಕೆ ಕ್ರಿಸ್ತಶಕ 251ರಲ್ಲಿ ಮತಕ್ಕಾಗಿ ಪ್ರಾಣ ಕೊಟ್ಟವಳೆಂದು ಐತಿಹ್ಯ. ಮರುವರ್ಷವೇ ಎಟ್ನಾ ಬೆಂಕಿಯನ್ನು ಕಾರಿದಾಗ ಜನರು ಆಕೆಯ ಮೇಲುಮುಸುಕನ್ನು ಹಿಡಿದು ಎದುರಿಗೆ ಹೋದರಂತೆ, ಕಲ್ಲುರಿ ನಿಂತಿತಂತೆ. 1669ರಲ್ಲಿ ಮಾತ್ರ ಅದು ನಿಲ್ಲದೆ ಪಟ್ಟಣದ ಗೋಡೆಯ ವರೆಗೂ ಬಂದಿತು. ಆದರೂ ಜನರು ಅಗಾಥಾಳನ್ನು ಬಿಡಲಿಲ್ಲ. ಅದೇ ದ್ವೀಪದ ಪಲೆರ್ಮೊ ಪಟ್ಟಣಕ್ಕೆ ಬೇರೊಬ್ಬ ಕಾಪಿನ ತಾಯಿ, ರೊಸಾಲಿಯಾ. 1624ರಲ್ಲಿ ಪ್ಲೇಗು ಹಬ್ಬಿದಾಗ ಬೆಟ್ಟದ ಗವಿಯೊಂದರಲ್ಲಿ ಆಕೆಯ ಅಸ್ಥಿಗಳು ದೊರೆತುವೆಂದೂ, ಅವನ್ನು ಮೆರವಣಿಗೆ ಮಾಡಿದ ಮೇಲೆ ಪಿಡುಗು ಇಳಿಯಿತೆಂದೂ ಅವರ ನಂಬಿಕೆ.

ಇದನ್ನೆಲ್ಲ ಓದುವಾಗ ನಮಗೆ ಪರದೇಶದ ಸಂಗತಿಯನ್ನು ಓದುತ್ತಿರುವೆವೆಂಬ ಭಾವನೆಯೇ ಬರುವುದಿಲ್ಲ. 1898ರಲ್ಲಿ ನಮ್ಮ ಸೀಮೆಗೆ ಪ್ಲೇಗು ಬಂದಾಗ ಬೆಂಗಳೂರಿನ ಜನ ಪ್ಲೇಗಿನ ಮಾರಮ್ಮನನ್ನೇ ಪ್ರತಿಷ್ಠಿಸಿಕೊಳ್ಳಲಿಲ್ಲವೆ? ಒಂದು ಊರು ಯಾವುದಕ್ಕೆ ಅಂಜುತ್ತದೆಯೋ ಅದರಿಂದಲೇ ಅದರ ಕಾಪಿನ ದೈವ ಯಾವುದೆಂಬುದು ನಿಶ್ಚಯವಾಗುತ್ತದೆ. ರಾಜರು ಬರುತ್ತಾರೆ, ದತ್ತಿ ಬಿಡುತ್ತಾರೆ, ಕಲ್ಲಿನಲ್ಲಿ ಹೆಸರು ಕೊರೆಯಿಸುತ್ತಾರೆ. ಆದರೆ ಅವರು ಬರುವ ಮುನ್ನವೇ ದೈವ ಅಲ್ಲಿ ಕುಳಿತಿರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಾಡಿ ಬಂದರೆ ಈ ಮಾತಿನ ನಿಜ ಗೊತ್ತಾಗುತ್ತದೆ.

ಮೊದಲು ಕೋಲಾರ. ಗಂಗರು ತಲಕಾಡಿಗೆ ಹೋದ ಮೇಲೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಆ ಕುವಳಾಲವೇ ಇಂದಿನ ಕೋಲಾರ. 11ನೆಯ ಶತಮಾನದ ಮೊದಲಲ್ಲಿ ಚೋಳರು ಈ ನಾಡನ್ನು ಗೆದ್ದು ನಿಕರಿಲಿಚೋಳ ಮಂಡಲವೆಂದು ಹೊಸ ಹೆಸರಿಟ್ಟರು. ಹೆಸರನ್ನು ಬದಲಾಯಿಸಿದವರು ದೇವತೆಯನ್ನು ಬದಲಾಯಿಸಲಿಲ್ಲವೆಂಬುದು ಗಮನಾರ್ಹ. ಅಲ್ಲಿಯ ಗ್ರಾಮದೇವತೆಯನ್ನು ಅವರ ತಮಿಳು ಶಾಸನಗಳು ‘ಪಿಡಾರಿಯಾರ್’ ಎಂದು ಕರೆಯುತ್ತವೆ. ಆಕೆಗೆ ಮೊದಲು ಇದ್ದುದು ಇಟ್ಟಿಗೆಯ ಗುಡಿ. ರಾಜೇಂದ್ರ ಚೋಳನ ಕಾಲದಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಲಾಯಿತು. ಇಟ್ಟಿಗೆಯ ಗುಡಿಯನ್ನು ಕಟ್ಟಿದವರು ಯಾರು? ಅವರು ಹೆಸರು ಬರೆಯಿಸುವ ಜನರಲ್ಲ.

ಮುಂದೆ ಕುಲೋತ್ತುಂಗನ ಕಾಲದ ದೀರ್ಘವಾದ ಶಾಸನವೊಂದರಲ್ಲಿ ಈ ಗುಡಿಯ ಖರ್ಚುವೆಚ್ಚಗಳ ಕಟ್ಟಳೆಯುಂಟು. ಅದನ್ನು ಓದಿದ ಸಭ್ಯರು ಸ್ವಲ್ಪ ಬೆಚ್ಚಿಬೀಳುವುದು ಸಹಜ. ಯೋಗಿನಿಯರ ಮತ್ತು ಯೋಗೇಶ್ವರರ ಪೂಜೆಗೆ ಇಷ್ಟು, ಬಲಿಗೆ ಇಷ್ಟು, ಮದ್ಯದ ನೈವೇದ್ಯಕ್ಕೆ ಇಷ್ಟು ಎಂದು ವಿಧಿಸಿ, ಅದರ ಜೊತೆಯಲ್ಲಿಯೇ ವ್ಯಾಕರಣವನ್ನೂ ಯಾಮಳವೆಂಬ ತಂತ್ರಶಾಸ್ತ್ರವನ್ನೂ ಬೋಧಿಸುವ ಉಪಾಧ್ಯಾಯನಿಗೆ ಜೀವಿತವನ್ನು ನಿಗದಿ ಮಾಡಿದ್ದಾರೆ! ವ್ಯಾಕರಣ ಪಾಠದಿಂದಲೇ ಜೀವಿಸುವ ನಮ್ಮಂಥವರಿಗೆ ಈ ಪಂಕ್ತಿ ಬಹಳ ಸಮಾಧಾನವನ್ನುಂಟುಮಾಡುತ್ತದೆ. ವಿನೋದವಿರಲಿ, ಗ್ರಾಮದೇವತೆಯ ಆರಾಧನೆ ಅಕ್ಷರವಿಲ್ಲದವರ ಮೂಢಾಚಾರವೆಂದು ಹೇಳುವ ವಿದ್ಯಾವಂತರು ಈ ಶಾಸನವನ್ನು ಒಮ್ಮೆ ನೋಡಬೇಕು. ಬಲಿಪೀಠವೂ ಪಾಠಶಾಲೆಯೂ ಅಂದು ಒಂದೇ ಪ್ರಾಕಾರದಲ್ಲಿದ್ದುವು. ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು 1959ರ ಕಾಯಿದೆ ನಿಷೇಧಿಸಿತು. ಅದು ಯುಕ್ತವಾದುದೆಂದೇ ನಮ್ಮ ಎಣಿಕೆ. ಆದರೆ ನಿಷೇಧಿಸಿದ ಮಾತ್ರಕ್ಕೆ ಹಿಂದೆ ಅದು ಇರಲೇ ಇಲ್ಲವೆಂದು ನಟಿಸುವುದು ಚರಿತ್ರೆಯಾಗದು.

ಕೋಲಾರಮ್ಮನ ದೃಷ್ಟಿ ಉಗ್ರವಾದುದೆಂಬ ಕಾರಣದಿಂದ ಭಕ್ತರು ಆಕೆಯನ್ನು ಎದುರಿಗೆ ನಿಂತು ನೋಡದೆ, ಕನ್ನಡಿಯಲ್ಲಿ ಮೂಡಿದ ಬಿಂಬವನ್ನು ನೋಡಿ ಕೈಮುಗಿಯುತ್ತಾರೆ. ಅದೇ ಗುಡಿಯಲ್ಲಿ ಚೇಳಮ್ಮನೂ ಉಂಟು. ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕಿದವರನ್ನು ಚೇಳು ಕುಟುಕದೆಂದು ಪ್ರತೀತಿ. ಬಂಡೆ, ಕಲ್ಲುಗುಡ್ಡ, ಕುರುಚಲು ಕಾಡುಗಳಿಂದ ತುಂಬಿದ ಈ ಸೀಮೆಯಲ್ಲಿ ಬರಿಗಾಲಿನಲ್ಲಿ ಕಲ್ಲನ್ನೆತ್ತುವ ಕೂಲಿಯವನು ಯಾವುದಕ್ಕೆ ಅಂಜಿಯಾನು? ಕಟಾನಿಯಾಕ್ಕೆ ಕಲ್ಲುರಿ, ಕೋಲಾರಕ್ಕೆ ಚೇಳು.

ಕೋಲಾರದಿಂದ ಮೂಡಲಿಗೆ ಹೋದರೆ ಮುಳಬಾಗಿಲು. ವಿಜಯನಗರದ ರಾಜ್ಯಕ್ಕೆ ಮೂಡಣ ಬಾಗಿಲಾಗಿದ್ದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಬಾಗಿಲೆಂದ ಮೇಲೆ ಕಾವಲುಗಾರ ಬೇಕು. ಇಲ್ಲಿಯ ಆಂಜನೇಯನು ಅರ್ಜುನನ ರಥದ ಧ್ವಜದಿಂದ ಇಳಿದು ಬಂದವನೆಂದೂ, ಯುದ್ಧಾನಂತರ ಅರ್ಜುನನೇ ಆತನನ್ನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಆದರೆ ಮುಳಬಾಗಿಲಿನ ವಿಶೇಷವೆಂದರೆ ಈ ಕಾವಲುಗಾರನಿಗಿಂತಲೂ ಇಲ್ಲಿ ಮಲಗಿರುವ ಇಬ್ಬರು ಸಂತರು.

ಒಬ್ಬರು ಶ್ರೀಪಾದರಾಜರು. ವ್ಯಾಸರಾಯರಿಗೆ ವಿದ್ಯಾಗುರುಗಳು, ದೇವರ ಸ್ತುತಿಯನ್ನು ಕನ್ನಡದಲ್ಲಿ ಹಾಡುವುದಕ್ಕೆ ಮಠದೊಳಗೆ ಸ್ಥಾನ ಕೊಟ್ಟವರು. ಅವರ ಬೃಂದಾವನವು ಊರಿಗೆ ಸಮೀಪದ ನರಸಿಂಹತೀರ್ಥದಲ್ಲಿದೆ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಆರಾಧನೆ ನಡೆಯುತ್ತದೆ. ಇನ್ನೊಬ್ಬರು ಹೈದರ್ ವಲಿ ಎಂಬ ಸೂಫಿ ಸಂತರು. ಅವರ ದರ್ಗಾದ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹೋಗುತ್ತಾರೆ. ಎರಡು ಉತ್ಸವಗಳೂ ಸಂತರು ಲೋಕವನ್ನು ಬಿಟ್ಟ ದಿನದವು. ಅರಬ್ಬೀ ಭಾಷೆಯಲ್ಲಿ ಉರುಸ್ ಎಂದರೆ ಮದುವೆ. ಸಂತನ ಮರಣವು ಭಗವಂತನೊಡನೆ ಆತನ ವಿವಾಹವೆಂಬ ಭಾವ. ಕ್ರೈಸ್ತರ ಹಳೆಯ ಸಂಪ್ರದಾಯದಲ್ಲಿ ಅದೇ ದಿನವನ್ನು ಪರಲೋಕದಲ್ಲಿ ಹುಟ್ಟಿದ ದಿನವೆನ್ನುತ್ತಾರೆ. ಅಗಾಥಾಳ ಫೆಬ್ರವರಿ 5 ಅಂಥದೇ ದಿನ.

ಇಲ್ಲಿ ಪಂಚಾಂಗದ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. ಕಟಾನಿಯಾದವರದು ಸೌರಮಾನ, ಅವರ ದಿನ ಕದಲುವುದಿಲ್ಲ. ನಮ್ಮ ಚಾಂದ್ರಮಾನ ವರ್ಷ ಹನ್ನೊಂದು ದಿನ ಹಿಂದೆ ಬಿದ್ದರೂ ಅಧಿಕಮಾಸವೆಂಬ ಒತ್ತನ್ನು ಕೊಟ್ಟು ಅದನ್ನು ಸ್ಥಳಕ್ಕೆ ತರುತ್ತೇವೆ. ಆದುದರಿಂದ ಶ್ರೀಪಾದರಾಜರ ಆರಾಧನೆ ಎಂದಿಗೂ ಮುಂಗಾರಿನ ಹೊಸ್ತಿಲಲ್ಲಿಯೇ. ಹಿಜರಿ ವರ್ಷಕ್ಕೆ ಈ ಒತ್ತು ಇಲ್ಲ. ಉರುಸು ವರ್ಷವರ್ಷವೂ ಹಿಂಜರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹೀಗಾಗಿ ಮೂವತ್ತು ನಲವತ್ತು ವರ್ಷಗಳಿಗೊಮ್ಮೆ ಈ ಎರಡು ಉತ್ಸವಗಳೂ ಒಂದೇ ಮಾಸದಲ್ಲಿ ಬರುವ ಕಾಲವುಂಟು.

ಅದೇ ತಾಲ್ಲೂಕಿನ ಆವಣಿಯ ಸಂಗತಿ ಇನ್ನೂ ಪುರಾತನವಾದುದು. ವಾಲ್ಮೀಕಿಗಳ ಆಶ್ರಮ ಇಲ್ಲಿತ್ತೆಂದೂ, ಲವಕುಶರು ಹುಟ್ಟಿದುದು ಇಲ್ಲಿಯ ಬೆಟ್ಟದಲ್ಲಿಯೇ ಎಂದೂ ಜನರ ನಂಬಿಕೆ. ಮಕ್ಕಳ ಭಾಗ್ಯವನ್ನು ಬೇಡುವ ಹೆಂಗಸರು ಬೆಟ್ಟದ ಮೇಲಿನ ಸೀತಮ್ಮನ ಗುಡಿಗೆ ಹರಕೆ ಹೊರುತ್ತಾರೆ. ಆದರೆ ನಮ್ಮ ಮನಸ್ಸನ್ನು ಸೆಳೆದವನು ಬೇರೊಬ್ಬನು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವು ತ್ರಿಭುವನಕರ್ತನೆಂಬ ತಪಸ್ವಿಯ ವಿಷಯವನ್ನು ತಿಳಿಸುತ್ತದೆ. ಕಲಿಯುಗರುದ್ರನೆಂಬುದು ಆತನ ಬಿರುದು. ಆವಣಿಯ ಸ್ಥಾನವನ್ನು 40 ವರ್ಷಕಾಲ ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, 961ರಲ್ಲಿ ಆತನು ತೀರಿಕೊಂಡನು. ಈತನ ಹೆಸರಿನಲ್ಲಿ ಉತ್ಸವವಿಲ್ಲ. ಆವಣಿಯ ಜಾತ್ರೆ ಶಿವರಾತ್ರಿಯ ರಾಮಲಿಂಗೇಶ್ವರನದು. ರಾಗಿಯ ಒಕ್ಕಣೆ ಮುಗಿದು, ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಆ ದಿನಗಳಲ್ಲಿ ದನಗಳ ಪರಿಷೆಯೂ ಸೇರುತ್ತದೆ. ದನ ಕೊಳ್ಳಲು ಬಂದವರಲ್ಲಿ ಕಲಿಯುಗರುದ್ರನನ್ನು ಬಲ್ಲವರು ಎಷ್ಟು ಮಂದಿ ಇದ್ದಾರು? ದೇವಾಲಯ ಕಟ್ಟಿದವನನ್ನು ದೇವರು ಮರೆಯಿಸಿಬಿಡುತ್ತಾನೆ. ಆದರೆ ಆ ಎರಡು ಕೆರೆಗಳ ಮಾತು ನಮಗೆ ಮುಂದೆ ಬೇಕಾಗಿದೆ.

ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯ ವಿಷಯ ಬೆಂಗಳೂರಿನವರಿಗೆ ತಿಳಿದುದೇ. ಶ್ರಾವಣ ಶನಿವಾರಗಳಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿ ಎಂದು ಹೆಸರಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕಿಟ್ಟರು. ಕಚೇರಿಯ ಕಾಗದಗಳಲ್ಲಿ ಊರು ದಿವಾನರ ಮಗನದಾಯಿತು. ಆದರೆ ಮಳೆ ತಡೆದಾಗ ಹೆಂಗಸರು ತಂಬಿಟ್ಟಿನ ದೀಪವನ್ನು ಹೊತ್ತುಕೊಂಡು ಹೋದುದು ಗಂಗಮ್ಮನ ಬಳಿಗೇ ಹೊರತು ದಫ್ತರದ ಕಡೆಗಲ್ಲ.

ಈ ದೀಪದ ಹಬ್ಬವನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ವಾರಕ್ಕೆ ಮೊದಲೇ ತಮಟೆಯವನು ಬೀದಿಬೀದಿಯಲ್ಲಿ ಸಾರು ಹಾಕುತ್ತಿದ್ದನು. ಅಂದಿನಿಂದ ಊರು ಬಿಟ್ಟು ಹೋದವರು ಹಬ್ಬದ ಹೊತ್ತಿಗೆ ಮರಳಬೇಕು. ಅಕ್ಕಿಹಿಟ್ಟು ಬೆಲ್ಲಗಳ ತಂಬಿಟ್ಟನ್ನು ಹಣತೆಯಂತೆ ತಿದ್ದಿ, ತುಪ್ಪದ ಬತ್ತಿ ಹೊತ್ತಿಸಿ, ಹೂವು ಸುತ್ತಿದ ತಟ್ಟೆಗಳನ್ನು ತಲೆಯ ಮೇಲಿಟ್ಟುಕೊಂಡು ಮನೆಮನೆಯಿಂದ ಹೆಂಗಸರು ಹೊರಡುತ್ತಿದ್ದರು. ಯಾರ ದೀಪ ಮುಂದೆ, ಯಾರ ದೀಪ ಹಿಂದೆ ಎಂಬ ವಿಷಯದಲ್ಲಿ ವ್ಯಾಜ್ಯಗಳೇ ಆಗುತ್ತಿದ್ದುವು. ಕಟಾನಿಯಾದಲ್ಲಿ ರೊಟ್ಟಿ ಸುಡುವವರು, ಮೀನು ಮಾರುವವರು, ಕಸಾಯಿಗಳು ತಮ್ಮ ತಮ್ಮ ಪಂಗಡದ ಭಾರಿ ದೀಪಸ್ತಂಭಗಳನ್ನು ಹೆಗಲಮೇಲೆ ಹೊತ್ತು ಸಾಗುವಂತೆಯೇ, ನಮ್ಮಲ್ಲಿಯೂ ಉತ್ಸವವೆಂದರೆ ಊರಿನ ಪಂಗಡಗಳು ತಮ್ಮ ತಮ್ಮ ಸ್ಥಾನವನ್ನು ವರ್ಷಕ್ಕೊಮ್ಮೆ ಬೀದಿಯಲ್ಲಿ ಬರೆದು ತೋರಿಸುವ ದಿನ. ಸಾರು ಹಾಕಿದ ತಮಟೆಯವನಿಲ್ಲದೆ ಹಬ್ಬ ಹೊರಡದು. ಆದರೆ ಗುಡಿಯ ಹೊಸ್ತಿಲನ್ನು ಅವನು ದಾಟುವಂತಿರಲಿಲ್ಲ. ನಮ್ಮ ಬಾಲ್ಯದ ನೆನಪುಗಳಲ್ಲಿ ಇಂದಿಗೂ ಚುಚ್ಚುವುದು ಇದೇ. ಶಾಸನಗಳನ್ನು ಹೊಗಳುವ ಭರದಲ್ಲಿ ಇದನ್ನು ಮರೆತರೆ ನಾವು ಹೇಳಿದ ಚರಿತ್ರೆ ಅರ್ಧವಾದೀತು.

ಕೊನೆಗೆ ನೀರಿನ ಮಾತು. ಈ ಜಿಲ್ಲೆಗೆ ವರ್ಷವೆಲ್ಲ ಹರಿಯುವ ನದಿಯಿಲ್ಲ, ಕೆರೆಗಳೇ ಜೀವ. ಕೆರೆಯ ಏರಿಯ ಮೇಲೆ ಗಂಗಮ್ಮ, ಕೋಡಿಯ ಬಳಿ ಮಾರಮ್ಮ. ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿ ನಡೆಯುವ ದ್ರೌಪದಮ್ಮನ ಕರಗದಲ್ಲಿಯೂ ಕರಗವು ನೀರಿನ ದಡದಿಂದಲೇ ಎದ್ದು ಬರಬೇಕೆಂದು ನಿಯಮ. ಕಳೆದ ಶತಮಾನದ ಕೊನೆಯ ವೇಳೆಗೆ ಕೆರೆಗಳು ಒಂದೊಂದಾಗಿ ಬತ್ತಿದುವು. ಕೊಳವೆ ಬಾವಿಗಳು ಸಾವಿರ ಅಡಿಗಿಂತಲೂ ಆಳಕ್ಕಿಳಿದುವು. ಮೇಲೆ ಬಂದ ನೀರಿನಲ್ಲಿ ಹಲ್ಲನ್ನು ಕೆಡಿಸುವ ಫ್ಲೋರೈಡು. ತೆಪ್ಪೋತ್ಸವಕ್ಕೆ ನೀರಿಲ್ಲದೆ, ಗಂಗಮ್ಮನ ಪೂಜೆಗೆ ಕೊಡದಲ್ಲಿ ನೀರು ಹೊತ್ತು ತರುವ ಕಾಲ ಬಂದಿತು.

2018ರ ಜೂನ್ ತಿಂಗಳಲ್ಲಿ ಕೋಲಾರದ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಅದು ಮಳೆಯ ನೀರಲ್ಲ. ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯಿಂದ ಶುದ್ಧಿಮಾಡಿ ಕೊಳವೆಯ ಮೂಲಕ ಕಳುಹಿಸಿದ ಬೆಂಗಳೂರಿನ ಬಚ್ಚಲ ನೀರು. ಕೆರೆಗಳು ತುಂಬಿದುವೆಂದು ಕೆಲವರು ಹರ್ಷಿಸಿದರು. ಶುದ್ಧಿ ಸಾಲದೆಂದು ಕೆಲವರು ನ್ಯಾಯಸ್ಥಾನದ ವರೆಗೂ ಹೋದರು. ಈ ನೀರಿನ ದಡದಿಂದ ಕರಗವನ್ನು ಎತ್ತಬಹುದೆ, ಗಂಗಮ್ಮನಿಗೆ ಇದನ್ನು ಅಭಿಷೇಕ ಮಾಡಬಹುದೆ? ಯಾಮಳವನ್ನು ಬೋಧಿಸುತ್ತಿದ್ದ ಆ ಉಪಾಧ್ಯಾಯನಿದ್ದಿದ್ದರೆ ಅವನನ್ನೇ ಕೇಳಬಹುದಿತ್ತು. ಈಗ ಆ ಪ್ರಶ್ನೆಯನ್ನು ತೀರ್ಮಾನಿಸಬೇಕಾದವರು ಏರಿಯ ಮೇಲೆ ದೀಪ ಹೊತ್ತು ನಿಲ್ಲುವ ಹೆಂಗಸರೇ.