ಹಂಪೆ: ಕಾಲುವೆಗಳು ಪೋಷಿಸಿದ ಮಹಾನಗರ

ನವಬೃಂದಾವನದ ದರ್ಶನಕ್ಕೆಂದು ಆನೆಗೊಂದಿಗೆ ಬರುವ ಆಸ್ತಿಕರು ಹೊಳೆಯ ಆಚೆಗಿರುವ ಹಂಪೆಯಲ್ಲಿ ಯಂತ್ರೋದ್ಧಾರಕ ಪ್ರಾಣದೇವರು, ವಿಜಯವಿಠ್ಠಲ ದೇವಾಲಯ, ಪುರಂದರ ಮಂಟಪಗಳನ್ನೂ ಸಂದರ್ಶಿಸುವುದು ವಾಡಿಕೆ. 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರವು ಇಂದು ದೇಶವಿದೇಶಗಳ ಪ್ರವಾಸಿಗರನ್ನು ಆಕರ್ಷಿಸುತ್ತಿದೆ. ಆದರೆ ಆ ಶಿಲಾವೈಭವಕ್ಕೆ ಅನ್ನವಿಕ್ಕಿದ್ದು ಬೇಸಾಯ.

ಹಂಪೆಯ ಸುತ್ತ ಬಂಡೆಗಳ ರಾಶಿ; ಮಳೆಯೂ ಅಲ್ಪ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಅದರ ನೀರು ಹೊಲಗಳಿಗಿಂತ ತಗ್ಗಿನಲ್ಲಿದೆ. ಆದುದರಿಂದ ನದಿಯ ಮೇಲ್ಭಾಗದಲ್ಲಿ ಸಹಜ ಬಂಡೆಗಳನ್ನೇ ಆಧಾರವಾಗಿಸಿ, ನಡುವೆ ಭಾರಿ ಕಲ್ಲುಗಳನ್ನು ಜೋಡಿಸಿ ಅಣೆಗಳನ್ನು ಕಟ್ಟಿದರು. ಅಲ್ಲಿಂದ ಹೊರಟ ಕಾಲುವೆಗೆ ನದಿಗಿಂತ ಕಡಿಮೆ ಇಳಿಜಾರು ಕೊಟ್ಟರು. ಹೀಗೆ ನದಿಯು ಕೆಳಗಿಳಿಯುತ್ತ ಹೋದಂತೆ ಕಾಲುವೆಯು ಎತ್ತರದಲ್ಲೇ ಉಳಿದು ಗದ್ದೆಗಳಿಗೆ ತಾನಾಗಿ ನೀರುಣಿಸಿತು. ಹಿರಿಯ ಕಾಲುವೆಯೆಂದೂ ಕರೆಯಲ್ಪಡುವ ತುರ್ತು ಕಾಲುವೆಯು ದೇವಾಲಯಗಳಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯನ್ನು ಹಸಿರಾಗಿಸಿತು.

1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನು ಹೊರಗಿನ ಕೋಟೆಗಳ ನಡುವೆಯೇ ಹೊಲ, ತೋಟ, ಮನೆಗಳಿದ್ದುದನ್ನು ಬರೆದಿದ್ದಾನೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜನು, ಹಿಂದಿನ ಅರಸನೊಬ್ಬನು ನದಿಗೆ ಅಣೆ ಕಟ್ಟಿಸಿ ನಗರಕ್ಕೆ ನೀರು ತಂದುದರಿಂದ ರಾಜ್ಯದ ಆದಾಯವು 3,50,000 ವರಹಗಳಷ್ಟು ಹೆಚ್ಚಿತೆಂದು ತಿಳಿಸುತ್ತಾನೆ.

ಜಲದಾನದ ಈ ಪರಂಪರೆಯಲ್ಲಿ ನಮ್ಮ ಗುರುಗಳ ಪಾತ್ರವೂ ಸ್ಮರಣೀಯ. ಕೃಷ್ಣದೇವರಾಯನಿಂದ ಪೂಜಿತರಾದ ಶ್ರೀವ್ಯಾಸರಾಜರ ಹೆಸರನ್ನು ಇಂದಿನ ಆಂಧ್ರಪ್ರದೇಶದ ಮದನಪಲ್ಲಿ ಸೀಮೆಯ ವ್ಯಾಸಸಮುದ್ರವೆಂಬ ಕೆರೆಯು ಇಂದಿಗೂ ಹೊತ್ತಿದೆ. 1539ರಲ್ಲಿ ಶ್ರೀಗಳವರು ಬೃಂದಾವನಸ್ಥರಾದದ್ದೂ ಇದೇ ತುಂಗಭದ್ರೆಯ ನಡುಗಡ್ಡೆಯಲ್ಲಿ.

1565ರ ಯುದ್ಧದ ಬಳಿಕ ಅರಮನೆಗಳು ಉರುಳಿದವು, ಪೇಟೆಗಳು ಬರಿದಾದವು. ಕಾಲುವೆಗಳು ಮಾತ್ರ ಉಳಿದವು. ಏಕೆಂದರೆ ಅವುಗಳ ಹೂಳೆತ್ತಿ ಕಾಪಾಡುವ ರೈತರಿದ್ದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ನಂತರ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ದೊರೆಯುತ್ತಿದೆ. ಭತ್ತ, ಬಾಳೆ, ಕಬ್ಬುಗಳು ಇಂದಿಗೂ ಆ ನೀರಿನಲ್ಲೇ ಬೆಳೆಯುತ್ತವೆ.

ಸ್ಮಾರಕಗಳ ರಕ್ಷಣೆಗೆ ಸಲ್ಲುವ ಗಮನವು ಈ ಕಾಲುವೆಗಳಿಗೂ ಅವುಗಳನ್ನು ನಂಬಿದ ಕೃಷಿಕರಿಗೂ ಸಲ್ಲಬೇಕು. ಹಂಪೆಯ ಕಲ್ಲುಗಳು ಗತವೈಭವದ ಸಾಕ್ಷಿಗಳು; ಕಾಲುವೆಗಳಾದರೋ ಆ ವೈಭವದಲ್ಲಿ ಇನ್ನೂ ಜೀವಂತವಾಗಿರುವ ಭಾಗ. ಮುಂದಿನ ಯಾತ್ರೆಯಲ್ಲಿ ಭಕ್ತರು ತುರ್ತು ಕಾಲುವೆಯ ದಂಡೆಯಲ್ಲೂ ಒಂದು ಕ್ಷಣ ನಿಂತು ಬರುವುದು ಉಚಿತ.