ಲೆಕ್ಕಕ್ಕೆ ಬಂದ ಗಾಯ, ಬಾರದ ಬೇನೆ

ಪಡುವಣ ಬೆಂಗಳೂರಿನ ರಾಜಾಜಿನಗರವು ಇಂದು ದೇವಾಲಯಗಳಿಗೂ ಕಲ್ಯಾಣಮಂಟಪಗಳಿಗೂ ಜವಳಿಯಂಗಡಿಗಳಿಗೂ ಹೆಸರಾದ ಬಡಾವಣೆಯಾಗಿ ತೋರಿದರೂ, ಅಲ್ಲಿನ ಅಂಚೆವಿಳಾಸಗಳಲ್ಲಿ ಇನ್ನೂ ಉಳಿದುಕೊಂಡಿರುವ ‘ಇಂಡಸ್ಟ್ರಿಯಲ್ ಟೌನ್’ ಎಂಬ ಹೆಸರು ಅದರ ಜನ್ಮವೃತ್ತಾಂತವನ್ನು ಮರೆಯಗೊಡುವುದಿಲ್ಲ. ಚಕ್ರವರ್ತಿ ರಾಜಗೋಪಾಲಾಚಾರ್ಯರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಯಲ್ಲಿದ್ದ 1949ರಲ್ಲಿ ಅವರ ನಾಮಧೇಯವನ್ನು ಹೊತ್ತು ಆರಂಭವಾದ ಈ ಊರು, ಯಂತ್ರವೂ ಅದನ್ನು ನಡೆಸುವವನ ಮನೆಯೂ ಒಂದಕ್ಕೊಂದು ಕೂಗಳತೆಯಲ್ಲಿರಬೇಕೆಂಬ ಸಂಕಲ್ಪದಿಂದ ಹುಟ್ಟಿದುದು. ಅದರ ಅಂಚಿನಲ್ಲಿ ಕಿರ್ಲೋಸ್ಕರರ ವಿದ್ಯುತ್ ಮೋಟಾರುಗಳ ಕಾರ್ಖಾನೆ ಮೊದಲೇ ನೆಲೆಗೊಂಡಿದ್ದಿತು. 1957ರಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ತನ್ನ ಹಳೆಯ ನೆಲೆಯನ್ನು ಬಿಟ್ಟು ಇಲ್ಲಿಗೆ ಬಂದಿತು. ಆ ದಶಕ ಮುಗಿಯುವ ಹೊತ್ತಿಗೆ ಸಣ್ಣ ಉದ್ಯಮಿಗಳಿಗೆಂದು ಕಟ್ಟಿದ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಲೇತುಗಳು ತಿರುಗತೊಡಗಿದುವು. ಇವೆಲ್ಲದರ ನಡುವೆ, ಊರಿನ ಹೃದಯಸ್ಥಾನದಲ್ಲಿಯೇ, ಕಾರ್ಮಿಕರಿಗೆಂದು ಒಂದು ದೊಡ್ಡ ಆಸ್ಪತ್ರೆ ಎದ್ದುನಿಂತಿತು.

ಊರಿನ ಚರಿತ್ರೆಯನ್ನು ಅದು ತಯಾರಿಸಿದ ಸರಕಿನಿಂದ ಬರೆಯುವುದು ನಮ್ಮಲ್ಲಿ ವಾಡಿಕೆ. ಆ ಸರಕನ್ನು ತಯಾರಿಸಿದವರ ಮೈಮೇಲಿನ ಗಾಯಗಳಿಂದಲೂ, ಎದೆಯೊಳಗಿನ ಬೇನೆಗಳಿಂದಲೂ ಅದನ್ನು ಬರೆಯಬಹುದಾಗಿದೆ. ಹಾಗೆ ಬರೆಯಹೊರಟವನಿಗೆ ಮೊದಲು ಎದುರಾಗುವುದು ಒಂದು ವಿಚಿತ್ರವಾದ ಸಂಗತಿ. ಯಾವ ಉದ್ಯೋಗದಲ್ಲಿ ನೂರಕ್ಕೆ ಎಷ್ಟು ಮಂದಿ ಗಾಯಗೊಂಡರು, ಎಷ್ಟು ಮಂದಿ ರೋಗಕ್ಕೆ ತುತ್ತಾದರು ಎಂಬ ಅಂಕಿಗಳು ಆ ಉದ್ಯೋಗದ ಅಪಾಯವನ್ನು ಎಷ್ಟು ತಿಳಿಸುತ್ತವೆಯೋ, ಅಲ್ಲಿ ದುಡಿಯುವವರ ಮೇಲೆ ಯಾರ ಕಣ್ಣಾದರೂ ಬಿದ್ದಿದ್ದಿತೇ ಎಂಬುದನ್ನೂ ಅಷ್ಟೇ ತಿಳಿಸುತ್ತವೆ.

ಈ ಭಾಗದ ಮೊದಲ ದೊಡ್ಡ ದುಡಿಮೆ ಅರಳೆಯದು. 1884ರಲ್ಲಿ ಸ್ಥಾಪಿತವಾಗಿ ಮುಂದೆ ಜನರ ಬಾಯಲ್ಲಿ ಬಿನ್ನಿ ಮಿಲ್ಲೆಂದೇ ಹೆಸರಾದ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ, ಮಾಗಡಿ ರಸ್ತೆಯ ಬಳಿಯ ಮಿನರ್ವ ಮಿಲ್ಲು, ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲು, ಇವುಗಳ ಸೈರನ್ನಿಗೆ ಎದ್ದು ಮಲಗಿದ ಕೇರಿಗಳೇ ಇಂದಿನ ಪಡುವಣ ಬೆಂಗಳೂರಿನ ಬೇರುಗಳು. ನೂಲುವ ಮುನ್ನ ಅರಳೆಯನ್ನು ಬಿಡಿಸಿ, ಬಾಚಿ, ಎಳೆಗೂಡಿಸುವ ಕಾರ್ಡಿಂಗ್ ಖಾತೆಯಲ್ಲಿ ಗಾಳಿಯೇ ಬಿಳಿಯಾಗಿರುತ್ತದೆ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಮೂಗಿನ ಹೊಳ್ಳೆಯಲ್ಲಿ ಎಳೆ ಕೂತು, ಪಾಳಿ ಮುಗಿಸಿ ಹೊರಬಂದ ಯುವಕನೂ ಮುದುಕನಂತೆ ತೋರುತ್ತಾನೆ. ಈ ಧೂಳಿನಿಂದ ಹುಟ್ಟುವ ಶ್ವಾಸರೋಗದ ಲಕ್ಷಣವೊಂದು ಬಹು ವಿಲಕ್ಷಣವಾದುದು: ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲನೆಯ ದಿನವೇ ಎದೆ ಬಿಗಿಯುವುದು, ಎರಡನೆಯ ಮೂರನೆಯ ದಿನಕ್ಕೆ ಸಡಿಲವಾಗುವುದು, ವರ್ಷಗಳುರುಳಿದ ಮೇಲೆ ಬಿಗಿತವು ವಾರವೆಲ್ಲ ನಿಲ್ಲುವುದು. ರೋಗಿಯು ಇದನ್ನು ಶೀತವೆಂದುಕೊಳ್ಳುವನು, ಬೀಡಿಯ ಕೆಮ್ಮೆಂದುಕೊಳ್ಳುವನು. ಕ್ರಿ.ಶ. 1700ರಷ್ಟು ಹಿಂದೆಯೇ ಇಟಲಿಯ ವೈದ್ಯ ಬೆರ್ನಾರ್ದಿನೊ ರಮಜ್ಜಿನಿಯು ಕಸುಬುಗಳ ರೋಗಗಳನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿ, ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬೇನು’ ಎಂಬುದನ್ನೂ ಸೇರಿಸಬೇಕೆಂದು ತನ್ನ ವೃತ್ತಿಬಾಂಧವರನ್ನು ಪ್ರಾರ್ಥಿಸಿದ್ದನು. ಆ ಪ್ರಶ್ನೆಯನ್ನು ಕೇಳದ ಕಡೆಯಲ್ಲಿ ಅರಳೆಯ ರೋಗವು ಅಸ್ತಮಾ ಎಂಬ ಹೆಸರಿನಲ್ಲಿಯೇ ಕಾಲ ಕಳೆಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ಆ ಪ್ರಶ್ನೆಯನ್ನು ಕ್ರಮವಾಗಿ ಕೇಳಿದುದು ಕೋಲಾರದ ಚಿನ್ನದ ಗಣಿಗಳಲ್ಲಿ. ಬೆಂಗಳೂರಿನ ಬೀದಿದೀಪಗಳಿಗೆ 1905ರಲ್ಲಿ ಬೆಳಕನ್ನಿತ್ತ ಶಿವನಸಮುದ್ರದ ವಿದ್ಯುತ್ತು ಅದಕ್ಕೂ ಮೂರು ವರ್ಷ ಮುನ್ನ, 1902ರಲ್ಲಿ, ಹರಿದುದು ಆ ಗಣಿಗಳಿಗೆ ಎಂಬುದನ್ನು ನೆನೆದರೆ, ಬಂಗಾರದ ಬಂಡೆಯನ್ನು ಕೊರೆಯುವ ಕಾರ್ಯಕ್ಕೆ ಆ ಕಾಲದಲ್ಲಿ ಸಲ್ಲುತ್ತಿದ್ದ ಪ್ರಾಶಸ್ತ್ಯ ಮನವರಿಕೆಯಾಗುವುದು. ಬಂಡೆ ಕೊರೆದಾಗ ಏಳುವ ಬೆಣಚುಕಲ್ಲಿನ ಸೂಕ್ಷ್ಮಧೂಳು ಶ್ವಾಸಕೋಶದಲ್ಲಿ ನೆಲೆಸಿ, ಅದನ್ನು ಗಂಟುಗಂಟಾಗಿ ಗಡುಸುಗೊಳಿಸಿ, ಮನುಷ್ಯನನ್ನು ಮೆಟ್ಟಿಲು ಹತ್ತಲಾರದಂತೆ ಮಾಡುವ ಸಿಲಿಕೋಸಿಸ್ ರೋಗವನ್ನು ಕುರಿತು ಮೈಸೂರು ಸರ್ಕಾರವು 1940ರಲ್ಲಿಯೇ ನಿಯಮಾವಳಿಯನ್ನು ರಚಿಸಿತು. ಆ ದಶಕದಲ್ಲಿ ಅಲ್ಲಿಯ ವೈದ್ಯರು ಏಳು ಸಾವಿರಕ್ಕೂ ಮೀರಿದ ಗಣಿಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಆ ರೋಗದ ಗುರುತುಗಳು ಕಂಡವು. ತರುವಾಯ ಬೇರೆ ಕಡೆ ನಡೆದ ಇಂತಹ ಪರೀಕ್ಷೆಗಳಲ್ಲಿ ಬಿಹಾರದ ಕಾಗೆಬಂಗಾರದ ಗಣಿಗಾರರಲ್ಲಿ ನೂರಕ್ಕೆ 34ರಷ್ಟು, ಪಿಂಗಾಣಿ ಕೆಲಸಗಾರರಲ್ಲಿ ನೂರಕ್ಕೆ 16ರಷ್ಟು ಜನರಲ್ಲಿ ಅದೇ ಬೇನೆ ಹೊರಬಿದ್ದಿತು. ಧೂಳು ಒಂದೇ, ಕಸುಬು ಮೂರು. ಯಾವ ಕಸುಬು ಹೆಚ್ಚು ಕೊಲ್ಲುವುದೆಂಬುದು ವೈದ್ಯನು ಎದೆಗೆ ಕಿವಿಗೊಟ್ಟ ಮೇಲೆ ತಿಳಿದ ವಿಷಯ. ಕೋಲಾರದ ಅಂಕಿ ಅಷ್ಟು ದೊಡ್ಡದಾಗಿರುವುದಕ್ಕೆ ಅಲ್ಲಿನ ಬಂಡೆ ಎಷ್ಟು ಕಾರಣವೋ, ಪರೀಕ್ಷೆಯು ಪ್ರಾಮಾಣಿಕವಾಗಿ ನಡೆದುದೂ ಅಷ್ಟೇ ಕಾರಣವೆಂದು ನಾನು ನಂಬಿದ್ದೇನೆ. ಅಂಥ ದೊಡ್ಡ ಅಂಕಿಯನ್ನು ಅಡಗಿಸದೆ ಹೊರಗಿಟ್ಟವರಿಗೆ ನಾವು ಋಣಿಗಳು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದೇಶಕ್ಕೆ ಎರಡು ದೊಡ್ಡ ಶಾಸನಗಳು ದೊರೆತವು. ಕಾರ್ಖಾನೆಗಳ ಕಾಯಿದೆಯು ಯಂತ್ರದ ಅಪಾಯಕರ ಭಾಗಗಳಿಗೆ ತಡೆಬೇಲಿಯಿರಬೇಕೆಂದಿತು. ಅಪಘಾತದಿಂದ ನಲವತ್ತೆಂಟು ಗಂಟೆ ಕೆಲಸಕ್ಕೆ ಬಾರದಂತಾದವನ ವಿಷಯವನ್ನು ಇನ್‌ಸ್ಪೆಕ್ಟರಿಗೆ ವರದಿಮಾಡಬೇಕೆಂದಿತು. ನೌಕರರ ರಾಜ್ಯವಿಮಾ (ಇಎಸ್‌ಐ) ಕಾಯಿದೆಯು, ಕಾರ್ಮಿಕರ ಆರೋಗ್ಯವಿಮೆಯನ್ನು ಕುರಿತು 1944ರಲ್ಲಿ ಬಿ. ಪಿ. ಅದರ್ಕರರು ಒಪ್ಪಿಸಿದ ವರದಿಯನ್ನು ತಳಹದಿಯಾಗಿಟ್ಟುಕೊಂಡು, ಕಾರ್ಮಿಕನೂ ಮಾಲೀಕನೂ ಕೊಟ್ಟ ಚಂದಾದಿಂದ ಚಿಕಿತ್ಸೆಯೂ ಜೀವನಾಧಾರವೂ ದೊರೆಯುವಂತೆ ಏರ್ಪಡಿಸಿತು. 1952ರ ಫೆಬ್ರವರಿಯಲ್ಲಿ ಕಾನಪುರದಲ್ಲಿಯೂ ದೆಹಲಿಯಲ್ಲಿಯೂ ಆರಂಭವಾದ ಆ ಯೋಜನೆ ಬೆಂಗಳೂರನ್ನು ಮುಟ್ಟಿದುದು 1958ರಲ್ಲಿ. ಇಎಸ್‌ಐ ಎಂಬ ಮೂರಕ್ಷರಗಳು ಅಂದಿನಿಂದ ಈ ಭಾಗದ ಗೃಹಿಣಿಯರ ನಿತ್ಯದ ಮಾತಿನಲ್ಲಿ ಸೇರಿಹೋದುವು. ಮಗುವಿನ ಜ್ವರಕ್ಕೂ ಗಂಡನ ಬೆರಳಿಗೂ ಅವರು ಹೋದುದು ಆ ಯೋಜನೆಯ ಆಸ್ಪತ್ರೆಗೇ.

ಬೆರಳಿನ ಮಾತನ್ನು ಕೊಂಚ ವಿಸ್ತರಿಸಬೇಕಾಗಿದೆ. ಏಕೆಂದರೆ ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದವರೆಗೂ, ಅಲ್ಲಿಂದ ಸುಂಕದಕಟ್ಟೆಯವರೆಗೂ ಹಬ್ಬಿದ ಸಣ್ಣ ಕೈಗಾರಿಕೆಯ ವಿಶಿಷ್ಟವಾದ ಗಾಯ ಬೆರಳಿನದು, ಅದನ್ನು ಉಂಟುಮಾಡುವ ಯಂತ್ರ ಪವರ್ ಪ್ರೆಸ್ಸು. ತಗಡನ್ನು ಅಚ್ಚಿನ ಆಕಾರಕ್ಕೆ ಕತ್ತರಿಸುವ ಈ ಯಂತ್ರದಲ್ಲಿ ಕೆಳಗೆ ಡೈ ಎಂಬ ಅಚ್ಚು, ಮೇಲೆ ಪಂಚ್ ಎಂಬ ಹೊಡೆತದ ಉಳಿ, ಪಕ್ಕದಲ್ಲಿ ಬಿಡುವಿಲ್ಲದೆ ತಿರುಗುವ ಭಾರಿ ಫ್ಲೈವೀಲು. ಕೆಲಸಗಾರನು ಎಡಗೈಯಿಂದ ತಗಡನ್ನು ಅಚ್ಚಿನ ಮೇಲಿಡುತ್ತಾನೆ, ಪೆಡಲನ್ನು ತುಳಿಯುತ್ತಾನೆ, ಪಂಚು ಇಳಿದು ಏರುತ್ತದೆ, ಬಲಗೈಯಿಂದ ತುಂಡನ್ನು ತೆಗೆಯುತ್ತಾನೆ. ಇದು ಒಂದು ಪೀಸು. ಇಂತಹವು ದಿನಕ್ಕೆ ಸಾವಿರಗಟ್ಟಳೆ ಆಗಬೇಕು. ಫ್ಲೈವೀಲಿಗೂ ಪಂಚಿಗೂ ಸಂಬಂಧ ಕಲ್ಪಿಸುವ ಕ್ಲಚ್ಚಿನ ಕೀಲು ಸವೆದಿದ್ದರೆ ಒಮ್ಮೆ ತುಳಿದದ್ದಕ್ಕೆ ಎರಡು ಸಲ ಹೊಡೆತ ಬೀಳುತ್ತದೆ, ಆ ಎರಡನೆಯ ಹೊಡೆತದ ಕ್ಷಣದಲ್ಲಿ ಕೈ ಅಚ್ಚಿನ ಮೇಲಿರುತ್ತದೆ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಏಕಕಾಲದಲ್ಲಿ ಒತ್ತಿದರೆ ಮಾತ್ರ ಪಂಚು ಇಳಿಯುವಂತಹ ಉಪಾಯ ಬಹುಕಾಲದಿಂದಲೂ ಉಂಟು. ಆದರೆ ಅದರಿಂದ ವೇಗ ಕುಂದುವುದೆಂದು ಒಂದು ಗುಂಡಿಯನ್ನು ತುಂಡುಕಡ್ಡಿ ತುರುಕಿ ಒತ್ತಿಯೇ ಇಡುವ ಪದ್ಧತಿಯೂ ಉಂಟು. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ತಾನೇ ಆ ಕಡ್ಡಿಯನ್ನು ತುರುಕುತ್ತಾನೆ. ಅದಕ್ಕೆ ಅವನ ಅಜಾಗರೂಕತೆಯೆಂದು ಹೆಸರಿಡುವುದು ನನಗೆ ಘೋರ ಅನ್ಯಾಯವಾಗಿ ತೋರುತ್ತದೆ. ಕೂಲಿಯ ದರವನ್ನು ಅವನು ನಿಶ್ಚಯಿಸಿದವನಲ್ಲ.

ಹೋದ ಬೆರಳಿಗೆ ಶಾಸನವು ಬೆಲೆ ಕಟ್ಟಿದೆ. 1923ರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿದ್ದಂತೆ, ಹೆಬ್ಬೆರಳು ಪೂರ್ಣವಾಗಿ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಬಿಡಿಬಿಡಿಯಾಗಿ ಕೂಡಿದರೆ ಹೆಬ್ಬೆರಳಲ್ಲದ ನಾಲ್ಕು ಬೆರಳುಗಳಿಗೆ 40 ಆಗುವುದಷ್ಟೆ. ಆದರೆ ಒಂದೇ ಕೈಯ ಆ ನಾಲ್ಕೂ ಹೋದಾಗ ಶಾಸನವು 50 ಎನ್ನುತ್ತಿದ್ದಿತು. ಹಿಡಿಯಲು ಬಾರದ ಕೈ ಬೆರಳುಗಳ ಮೊತ್ತಕ್ಕಿಂತ ಹೆಚ್ಚಿನದೇನನ್ನೋ ಕಳೆದುಕೊಂಡಿದೆಯೆಂಬುದನ್ನು ಆ ಪಟ್ಟಿಯನ್ನು ಬರೆದ ಕೈ ಅರಿತಿದ್ದಿತು. ಕೈಗಾರಿಕಾ ಅಪಘಾತಗಳ ಅಳತೆಗೆ 1966ರಲ್ಲಿ ಹೊರಬಂದ ಭಾರತೀಯ ಮಾನಕದ ಪದ್ಧತಿಯಲ್ಲಿ ಒಂದು ಮರಣಕ್ಕೆ 6000 ದುಡಿಮೆಯ ದಿನಗಳ ನಷ್ಟವೆಂದು ಎಣಿಸುತ್ತಾರೆ. ವರ್ಷಕ್ಕೆ ಮುನ್ನೂರು ದಿನದಂತೆ ಇಪ್ಪತ್ತು ವರ್ಷ. ಹದಿನೆಂಟರ ಹುಡುಗ ಸತ್ತರೂ ಐವತ್ತೈದರವನು ಸತ್ತರೂ ಅಷ್ಟೇ. ಉದ್ಯೋಗಗಳನ್ನು ಪರಸ್ಪರ ಹೋಲಿಸಲು ಇಂತಹದೊಂದು ಅಳತೆಗೋಲು ಬೇಕೇಬೇಕು. ಅದಿಲ್ಲದೆ ಗಿರಣಿಯ ಕೆಮ್ಮನ್ನೂ ಪ್ರೆಸ್ಸಿನ ಗಾಯವನ್ನೂ ಒಂದೇ ಪುಟದಲ್ಲಿ ಬರೆಯಲಾಗದು. ಆದರೂ ಆ ಆರು ಸಾವಿರವನ್ನು ಓದುವಾಗಲೆಲ್ಲ ನನ್ನ ಮನಸ್ಸು ಮುಂದಿನ ಸಾಲಿಗೆ ಹೋಗಲು ಹಿಂಜರಿಯುತ್ತದೆ.

ಅಳತೆಗೋಲಿನ ದೊಡ್ಡ ಕೊರತೆ ಬೇರೆಡೆಯಲ್ಲಿದೆ. 1948ರ ಕಾಯಿದೆಯ ದೃಷ್ಟಿಯಲ್ಲಿ ಕಾರ್ಖಾನೆಯೆನಿಸಬೇಕಾದರೆ ವಿದ್ಯುಚ್ಛಕ್ತಿಯಿದ್ದಲ್ಲಿ ಹತ್ತು ಮಂದಿ, ಇಲ್ಲದಲ್ಲಿ ಇಪ್ಪತ್ತು ಮಂದಿ ದುಡಿಯುತ್ತಿರಬೇಕಾಗಿದ್ದಿತು. ಗಿರಣಿಗಳೂ ದೊಡ್ಡ ಕಾರ್ಖಾನೆಗಳೂ ಮೆರೆದ ಕಾಲದಲ್ಲಿ ಈ ಮೇರೆ ಅಷ್ಟಾಗಿ ಬಾಧಿಸಲಿಲ್ಲ. ಅಲ್ಲಿ ಹಾಜರಿ ಪುಸ್ತಕವಿದ್ದಿತು, ಔಷಧಾಲಯವಿದ್ದಿತು, ಸಂಘದ ಮುಖಂಡನಿದ್ದನು; ಬೆರಳು ಹೋದರೆ ಕೇಳುವವರಿದ್ದರು. ಆ ಗಿರಣಿಗಳು ಒಂದೊಂದಾಗಿ ಮೌನವಾದುವು. ರಾಜಾ ಮಿಲ್ಲಿನ ನೆಲದಲ್ಲಿಯೂ ಕಿರ್ಲೋಸ್ಕರರ ನೆಲದಲ್ಲಿಯೂ ಇಂದು ಮಾಲುಗಳಿವೆ. ಕೆಲಸವು ಎರಡು ಪ್ರೆಸ್ಸು, ಒಂದು ಡ್ರಿಲ್ಲು, ಏಳೆಂಟು ಹುಡುಗರ ಶೆಡ್ಡುಗಳಿಗೆ ಹಂಚಿಹೋಯಿತು. ದೊಡ್ಡ ಕಂಪನಿಯು ತನ್ನ ಅಂಗಳದಲ್ಲಿ ಅಪಘಾತಗಳು ಕಡಿಮೆಯಾದುವೆಂದು ಫಲಕ ಹಾಕಿಸುವ ವರ್ಷವೇ, ಅದಕ್ಕೆ ಬಿಡಿಭಾಗಗಳನ್ನು ಒದಗಿಸುವ ಓಣಿಯ ಶೆಡ್ಡಿನಲ್ಲಿ ಹುಡುಗನೊಬ್ಬನ ಕೈಗೆ ಬಟ್ಟೆ ಸುತ್ತಿ, ಆಟೋ ಹತ್ತಿಸಿ, ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿ, ಒಂದಿಷ್ಟು ಹಣ ಕೊಟ್ಟು ಊರಿಗೆ ಕಳುಹಿಸಿರಲೂಬಹುದು. ಅದು ಯಾವ ಪುಸ್ತಕಕ್ಕೂ ಏರುವುದಿಲ್ಲ.

ಇದಕ್ಕಿಂತಲೂ ಆಳದಲ್ಲಿರುವುದು ಮನೆಯೊಳಗಿನ ದುಡಿಮೆ. ಮಾಗಡಿ ರಸ್ತೆಯ, ಶ್ರೀರಾಮಪುರದ ಒತ್ತಾದ ಕೇರಿಗಳಲ್ಲಿ ಹೆಂಗಸರು ಹೊಸ್ತಿಲ ಬಳಿ ಗಿಡ್ಡ ಮಣೆಯನ್ನಿಟ್ಟುಕೊಂಡು, ಇದ್ದಲಪುಡಿ, ಮರದಪುಡಿ, ಅಂಟುಪುಡಿಗಳನ್ನು ಕಲಸಿದ ಕರಿಯ ಮುದ್ದೆಯಿಂದ ಚಿಟಿಕೆ ಹರಿದು, ಬಿದಿರುಕಡ್ಡಿಯ ಮೇಲೆ ಅಂಗೈಯಿಂದ ಹೊಸೆದು ಊದುಬತ್ತಿ ಮಾಡುತ್ತ ಬಂದಿದ್ದಾರೆ. ಕೂಲಿ ಸಾವಿರಕ್ಕೆ ಇಷ್ಟೆಂದು. ಅಂಗೈಯ ಗೆರೆಗಳಲ್ಲಿ ಕೂತ ಕರಿ ಸೋಪಿಗೂ ಹೋಗದು. ಬಗ್ಗಿಯೇ ಕೂತ ಬೆನ್ನು, ಮಡಿಸಿಯೇ ಇಟ್ಟ ಮಂಡಿ, ಮಗುವಿನ ತೊಟ್ಟಿಲಿನವರೆಗೂ ಹಾರುವ ಇದ್ದಲ ಧೂಳು. ನಮ್ಮ ದೇವರ ಮನೆಗಳ ಪರಿಮಳಕ್ಕೆ ಇಷ್ಟೊಂದು ಬೆನ್ನುನೋವು ಸೇರಿದೆ. ಮನೆ ಕಾರ್ಖಾನೆಯಲ್ಲ, ಹೊಸೆಯುವವಳು ಯಾವ ಮಾಲೀಕನ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಆದುದರಿಂದ ಈ ಕಸುಬಿನ ರೋಗದ ಪ್ರಮಾಣವನ್ನು ಕೇಳಿದರೆ ಸರ್ಕಾರದ ವಾರ್ಷಿಕ ಪಟ್ಟಿಯು ಸೊನ್ನೆಯನ್ನೂ ಹೇಳುವುದಿಲ್ಲ, ಅದಕ್ಕೊಂದು ಸಾಲೇ ಇಲ್ಲ.

ಗಾಯಕ್ಕಿಂತ ರೋಗವೇ ಹೆಚ್ಚು ಜೀವಗಳನ್ನು ಒಯ್ಯುತ್ತದೆಯೆಂಬುದು ಪ್ರಪಂಚದ ಅನುಭವ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದುಡಿಮೆಯ ಕಾರಣದಿಂದ ವರ್ಷಕ್ಕೆ ಸುಮಾರು 30 ಲಕ್ಷ ಮಂದಿ ಮಡಿಯುತ್ತಾರೆ. ಅವರಲ್ಲಿ ಅಪಘಾತಕ್ಕೆ ಬಲಿಯಾಗುವವರು 3 ಲಕ್ಷ 30 ಸಾವಿರದಷ್ಟು, ಉಳಿದ 26 ಲಕ್ಷವೂ ರೋಗದ ಪಾಲು. ನಮ್ಮ ಕಾರ್ಖಾನೆ ಕಾಯಿದೆಯೂ ಇದನ್ನು ಮರೆತಿರಲಿಲ್ಲ: ಅದರ 89ನೆಯ ಪ್ರಕರಣವು, ಮೂರನೆಯ ಅನುಸೂಚಿಯಲ್ಲಿ ಹೆಸರಿಸಿರುವ ಸೀಸದ ವಿಷ, ಸಿಲಿಕೋಸಿಸ್ ಮೊದಲಾದ ಕಸುಬಿನ ರೋಗಗಳನ್ನು ಕಂಡ ವೈದ್ಯನು ಅದನ್ನು ಕೂಡಲೇ ಬರೆದು ತಿಳಿಸಬೇಕೆಂದು ವಿಧಿಸಿದ್ದಿತು. ವಿಧಿಯನ್ನು ಪಾಲಿಸಬೇಕಾದರೆ ವೈದ್ಯನು ರಮಜ್ಜಿನಿಯ ಪ್ರಶ್ನೆಯನ್ನು ಕೇಳಬೇಕು; ಹೊರರೋಗಿಗಳ ಸಾಲು ಬೀದಿಯವರೆಗೆ ನಿಂತಿರುವಾಗ ಚೀಟಿಯ ಮೇಲೆ ‘ಕೂಲಿ’ ಎಂಬ ಎರಡಕ್ಷರಕ್ಕೆ ಆ ವಿಚಾರಣೆ ಮುಗಿದುಹೋಗುತ್ತದೆ. ಏನು ಕೂಲಿ, ಯಾವ ಧೂಳು, ಎಷ್ಟು ವರ್ಷ?

2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ವೃತ್ತಿಸುರಕ್ಷತಾ ಸಂಹಿತೆಯಲ್ಲಿ ಕಾರ್ಖಾನೆಯ ಮೇರೆಯು ಹತ್ತರಿಂದ ಇಪ್ಪತ್ತಕ್ಕೂ, ವಿದ್ಯುತ್ತಿಲ್ಲದ ಕಡೆ ಇಪ್ಪತ್ತರಿಂದ ನಲವತ್ತಕ್ಕೂ ಏರಿದೆ. ಕಾಮಾಕ್ಷಿಪಾಳ್ಯದಂತಹ ಕಡೆ ಇದುವರೆಗೆ ಹಳೆಯ ಮೇರೆಯೊಳಗಿದ್ದ ಹಲವು ಶೆಡ್ಡುಗಳು ಇದರಿಂದ ಕಾರ್ಖಾನೆಯೆಂಬ ಹೆಸರಿನಿಂದ ಹೊರಗುಳಿಯುವುವು, ಇದು ನನಗೆ ವ್ಯಥೆಯನ್ನುಂಟುಮಾಡಿದೆ. ಅದೇ ಸಂಹಿತೆಯಲ್ಲಿ, ಗೊತ್ತುಮಾಡಿದ ವಯಸ್ಸನ್ನು ದಾಟಿದ ಕೆಲಸಗಾರರಿಗೆ ಮಾಲೀಕನು ವರ್ಷಕ್ಕೊಮ್ಮೆ ಉಚಿತವಾಗಿ ಆರೋಗ್ಯಪರೀಕ್ಷೆ ಮಾಡಿಸಬೇಕೆಂಬ ಮಾತೂ ಇದೆ. ಆ ಪರೀಕ್ಷೆಯು ರಕ್ತದೊತ್ತಡಕ್ಕೂ ಸಕ್ಕರೆಗೂ ನಿಲ್ಲದೆ, ಕಲ್ಲಿನ ಧೂಳಿನಲ್ಲಿ ದುಡಿದವನ ಎದೆಯ ಚಿತ್ರವನ್ನೂ, ಅರಳೆಯಲ್ಲಿ ದುಡಿದವಳ ಉಸಿರಿನ ಅಳತೆಯನ್ನೂ, ಪ್ರೆಸ್ಸಿನ ಮುಂದೆ ಇಪ್ಪತ್ತು ವರ್ಷ ಕಳೆದವನ ಕಿವಿಯನ್ನೂ ಒಳಗೊಂಡು, ರಾಜಾಜಿನಗರದ ಆಸ್ಪತ್ರೆಯಂತಹ ಕಡೆ ಆಯಾ ಕಸುಬಿನ ಹೆಸರಿನ ಕೆಳಗೆ ದಾಖಲಾಗುತ್ತ ಬಂದರೆ, ಕೋಲಾರದ ವೈದ್ಯರು 1940ರ ದಶಕದಲ್ಲಿ ಗಣಿಗಾರರಿಗಾಗಿ ಮಾಡಿದ ಲೆಕ್ಕವು ಪಡುವಣ ಬೆಂಗಳೂರಿನ ಕಸುಬುದಾರರಿಗೂ ದೊರೆಯುವುದು.